ಐತಿಹಾಸಿಕ ಪತ್ರಗಳನ್ನು ಓದಿ ಮನವೊಲಿಸುವ ಪತ್ರ ಬರೆಯುವುದು: ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಹಂತ ಹಂತದ ಮಾರ್ಗದರ್ಶಿ

‘ನೀವು 1930ರಲ್ಲಿ ಅಂಕೋಲೆಯಲ್ಲಿದ್ದೀರಿ ಎಂದು ಭಾವಿಸಿ, ಉಪ್ಪಿನ ಕಾನೂನಿನ ವಿಷಯವಾಗಿ ಅಧಿಕಾರಿಗಳಿಗೆ ಒಂದು ಪತ್ರ ಬರೆಯಿರಿ’ ಎಂಬ ಚಟುವಟಿಕೆಯನ್ನು ಪ್ರೌಢಶಾಲೆಯಲ್ಲಾಗಲಿ ಪದವಿಪೂರ್ವ ತರಗತಿಯಲ್ಲಾಗಲಿ ಕೊಟ್ಟಾಗ, ಬರುವ ಉತ್ತರಗಳಲ್ಲಿ ಹೆಚ್ಚಿನವು ಪತ್ರಗಳೇ ಆಗಿರುವುದಿಲ್ಲ. ಮೇಲೆ ‘ಮಾನ್ಯರೇ’ ಎಂದಿರುತ್ತದೆ, ಕೆಳಗೆ ‘ಇಂತಿ ತಮ್ಮ ವಿಶ್ವಾಸಿ’ ಎಂದಿರುತ್ತದೆ, ನಡುವೆ ಉಪ್ಪಿನ ಸತ್ಯಾಗ್ರಹದ ಪಾಠದ ಸಾರಾಂಶ ಕುಳಿತಿರುತ್ತದೆ. ಓದಿದ ಅಧಿಕಾರಿ ಏನು ಮಾಡಬೇಕು ಎಂಬುದು ಎಲ್ಲಿಯೂ ಇರುವುದಿಲ್ಲ.

ಭಾಷೆಯ ಬಡತನ ಇದಕ್ಕೆ ಕಾರಣವಲ್ಲ. ಮಕ್ಕಳು ಒಕ್ಕಣೆಯಿಂದ ಆರಂಭಿಸಿ ಸಾಲು ಸಾಲಾಗಿ ಕೆಳಕ್ಕೆ ಬರೆಯುತ್ತಾ ಹೋಗುತ್ತಾರೆ. ಬೇಡಿಕೆ ಏನು, ಅದನ್ನು ಈಡೇರಿಸುವ ಅಧಿಕಾರ ಯಾರಿಗಿದೆ, ಅವರು ಏಕೆ ಹಿಂಜರಿಯುತ್ತಾರೆ ಎಂಬ ಮೂರು ಸಂಗತಿಗಳನ್ನು ಮೊದಲೇ ನಿರ್ಧರಿಸಿಕೊಳ್ಳುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಒಕ್ಕಣೆ ಎಂಟನೆಯ ಹಂತದಲ್ಲಿ ಬರುತ್ತದೆ. ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

## ಬೇಕಾಗುವ ಸಾಮಗ್ರಿ

ಒಂದು ಮಾದರಿ ಪತ್ರದ ಪೂರ್ಣ ಪಠ್ಯ, ಪೆನ್ಸಿಲ್, ಎರಡು ಬಣ್ಣದ ಪೆನ್ನು, ಗೆರೆಯಿಲ್ಲದ ಹಾಳೆಗಳು, ಉತ್ತರ ಕನ್ನಡ ಜಿಲ್ಲೆಯ ಒಂದು ನಕಾಶೆ ಮತ್ತು ಆಯ್ದ ವರ್ಷದ ಘಟನೆಗಳ ದಿನಾಂಕಪಟ್ಟಿ ಇದ್ದರೆ ಸಾಕು. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜ ಅಜ್ಜಿಯರ ಕಾಲದ ಕಾಗದಗಳಿದ್ದರೆ, ಮನೆಯವರ ಒಪ್ಪಿಗೆ ಪಡೆದು ಒಂದೆರಡನ್ನು ಓದಿಕೊಳ್ಳಿ. ಸಂಬೋಧನೆಯ ರೀತಿಯನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಪಠ್ಯ ಸಿಗಲಾರದು. ಮಾದರಿ ಪತ್ರದ ಆಯ್ದ ವಾಕ್ಯಗಳನ್ನು ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ. ಮನವೊಲಿಸುವ ಶಕ್ತಿ ಇರುವುದು ವಾಕ್ಯಗಳು ಬಂದ ಕ್ರಮದಲ್ಲಿ, ಆ ಕ್ರಮ ಪೂರ್ಣ ಪತ್ರದಲ್ಲಷ್ಟೇ ಕಾಣುತ್ತದೆ.

## ಹಂತ 1: ಮಾದರಿ ಪತ್ರವನ್ನು ಗುರುತು ಹಾಕುತ್ತಾ ಓದುವುದು

ಆರಂಭಕ್ಕೆ ನಾನು ಸೂಚಿಸುವುದು ಗಾಂಧೀಜಿಯವರು 1930ರ ಮಾರ್ಚ್ 2ರಂದು ವೈಸರಾಯ್ ಲಾರ್ಡ್ ಇರ್ವಿನ್ನರಿಗೆ ಬರೆದ ಪತ್ರವನ್ನು. ಮೊದಲ ಓದಿನಲ್ಲಿ ಏನನ್ನೂ ಗುರುತಿಸಬೇಡಿ. ಎರಡನೆಯ ಓದಿನಲ್ಲಿ ನಾಲ್ಕು ಜಾಗಗಳಿಗೆ ಪೆನ್ಸಿಲಿನಿಂದ ಅಡಿಗೆರೆ ಹಾಕಿ: ಓದುಗನನ್ನು ಗೌರವಿಸುವ ಜಾಗ, ದೂರು ಹೇಳುವ ಜಾಗ, ಅಂಕಿ ಕೊಡುವ ಜಾಗ, ಬೇಡಿಕೆ ಮತ್ತು ಗಡುವು ಇರುವ ಜಾಗ.

ಪತ್ರ ‘ಪ್ರಿಯ ಮಿತ್ರ’ ಎಂಬ ಸಂಬೋಧನೆಯಿಂದ ಆರಂಭವಾಗುತ್ತದೆ. ಬ್ರಿಟಿಷ್ ಆಳ್ವಿಕೆಯನ್ನು ಶಾಪವೆಂದು ಕರೆಯುವ ಅದೇ ಪತ್ರ, ಒಬ್ಬ ಇಂಗ್ಲಿಷರಿಗೂ ಕೇಡು ಬಯಸುವುದಿಲ್ಲ ಎಂದು ಸ್ಪಷ್ಟಪಡಿಸುತ್ತದೆ. ವೈಸರಾಯರ ಸಂಬಳದ ಮಾತೆತ್ತುವ ಜಾಗವನ್ನು ನಿಧಾನವಾಗಿ ಓದಬೇಕು. ತಿಂಗಳಿಗೆ 21,000 ರೂಪಾಯಿ, ಎಂದರೆ ದಿನಕ್ಕೆ 700 ರೂಪಾಯಿಗೂ ಹೆಚ್ಚು. ಭಾರತೀಯನ ಸರಾಸರಿ ದಿನದ ಆದಾಯವಾದರೋ ಎರಡಾಣೆಗೂ ಕಡಿಮೆ. ಇದನ್ನು ಹೇಳಿದವರು ಮರುಕ್ಷಣವೇ, ಆ ಸಂಬಳ ನಿಮಗೆ ಬೇಕಾಗಿಲ್ಲವೆಂದು ಬಲ್ಲೆ, ಬಹುಶಃ ಅದೆಲ್ಲವೂ ದಾನಕ್ಕೇ ಹೋಗುತ್ತಿರಬಹುದು ಎನ್ನುತ್ತಾರೆ. ಆದರೆ ಇಂಥ ಏರ್ಪಾಡನ್ನು ಇಟ್ಟುಕೊಂಡ ವ್ಯವಸ್ಥೆ ತೊಲಗಬೇಕು ಎಂದು ಮುಂದುವರಿಯುತ್ತಾರೆ. ಅಂಕಿಯ ಪೆಟ್ಟು ವ್ಯವಸ್ಥೆಗೆ ಬೀಳುತ್ತದೆ, ಓದುತ್ತಿರುವ ಮನುಷ್ಯನ ಮರ್ಯಾದೆ ಉಳಿಯುತ್ತದೆ.

ಮೂರನೆಯ ಓದಿನಲ್ಲಿ ಅಡಿಗೆರೆ ಹಾಕಿದ ಜಾಗಗಳ ಪಕ್ಕದಲ್ಲಿ ‘ಇದನ್ನು ಇಲ್ಲೇ ಏಕೆ ಹೇಳಿದರು?’ ಎಂಬ ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಬರೆಯಿರಿ. ಈ ಪತ್ರ ಉದ್ದವೆನಿಸಿದರೆ, ರವೀಂದ್ರನಾಥ ಠಾಕೂರರು ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ, 1919ರ ಮೇ ತಿಂಗಳ ಕೊನೆಯಲ್ಲಿ ವೈಸರಾಯ್ ಚೆಲ್ಮ್ಸ್‌ಫರ್ಡ್‌ರಿಗೆ ಬರೆದ ಚಿಕ್ಕ ಪತ್ರವನ್ನು ತೆಗೆದುಕೊಳ್ಳಬಹುದು. ಕಾರವಾರದ ಮಕ್ಕಳು ಅವರ ಹೆಸರಿನ ಕಡಲತೀರವನ್ನು ದಿನವೂ ನೋಡುತ್ತಾರೆ. ಠಾಕೂರರು ‘ಸರ್’ ಪದವಿಯನ್ನು ಬಿಟ್ಟುಕೊಟ್ಟ ಈ ಪತ್ರವನ್ನೂ ಆ ಮಕ್ಕಳು ಓದಿರಬೇಕು ಎಂಬುದು ನನ್ನ ಆಸೆ. ಅದರಲ್ಲಿ ಕೋರಿಕೆ ಒಂದೇ, ಅದು ಬರುವುದು ಕೊನೆಯಲ್ಲಿ.

## ಹಂತ 2: ಸಂದರ್ಭ, ಬರೆಯುವವರು ಮತ್ತು ಓದುವವರನ್ನು ಆಯ್ಕೆ ಮಾಡುವುದು

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಈ ಚಟುವಟಿಕೆಗೆ ಒದಗುವ ಸಂದರ್ಭಗಳು ಬೇಕಾದಷ್ಟಿವೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾನೂನನ್ನು ಮುರಿಯಲಾಯಿತು. ಅಂಕೋಲಾ, ಸಿದ್ದಾಪುರ ಭಾಗಗಳಲ್ಲಿ ಕರನಿರಾಕರಣೆ ನಡೆದು ರೈತರ ಜಮೀನುಗಳು ಜಪ್ತಾದವು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯವರು ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಅಪ್ಪಿಕೋ ಚಳವಳಿಯನ್ನು ಆರಂಭಿಸಿದರು. ಇನ್ನೂ ಹಿಂದಕ್ಕೆ ಹೋಗುವ ಮನಸ್ಸಿದ್ದರೆ 1862ರಲ್ಲಿ ಜಿಲ್ಲೆಯನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ಸಂದರ್ಭವಿದೆ. ಹತ್ತಿಯ ಸಾಗಣೆಗೆ ಕಾರವಾರ ಬಂದರನ್ನು ಬೆಳೆಸುವ ಮಾತು ಆಗ ಜೋರಾಗಿತ್ತು.

ಇಷ್ಟರಲ್ಲಿ ನನಗೆ ಹೆಚ್ಚು ಹಿಡಿಸುವ ಸಂದರ್ಭ ಸಿದ್ದಾಪುರದ್ದು. ಜಪ್ತಾದ ಜಮೀನನ್ನು ಹರಾಜಿನಲ್ಲಿ ಕೊಂಡವರು ಪರದೇಶದವರಲ್ಲ, ಇಲ್ಲಿಯವರೇ. 1932ರಲ್ಲಿ ಮಾವಿನಗುಂಡಿಯಲ್ಲಿ ಮಹಿಳೆಯರು ಅಂಥವರ ಮನೆಯೆದುರು ಸತ್ಯಾಗ್ರಹ ಹೂಡಿದರು. ಸರ್ಕಾರಕ್ಕೆ ಬರೆಯುವ ಬದಲು, ಹರಾಜಿನಲ್ಲಿ ಜಮೀನು ಕೊಂಡ ಪರಿಚಯದವರಿಗೆ ‘ಅದನ್ನು ಮರಳಿಸಿ’ ಎಂದು ಒಬ್ಬ ಹೆಂಗಸು ಬರೆಯುವ ಪತ್ರವನ್ನು ಊಹಿಸಿಕೊಳ್ಳಿ. ನಾಳೆ ಅದೇ ಮನೆಯವರೊಂದಿಗೆ ಮದುವೆ ಮುಂಜಿಗಳ ಪಂಕ್ತಿಯಲ್ಲಿ ಕೂರಬೇಕು. ಬೈದು ಬರೆಯುವಂತಿಲ್ಲ, ಬೈಯದೆ ಸುಮ್ಮನಿರುವಂತೆಯೂ ಇಲ್ಲ. ಪ್ರಬುದ್ಧ ವಿದ್ಯಾರ್ಥಿಗಳಿಗೆ ಇದನ್ನೇ ಕೊಡಿ.

ಓದುವವರು ಒಬ್ಬರೇ ಇರಬೇಕು. ‘ಬ್ರಿಟಿಷ್ ಸರ್ಕಾರಕ್ಕೆ’ ಎಂದು ಬರೆದರೆ ಅದು ಯಾರಿಗೂ ತಲುಪುವುದಿಲ್ಲ. ಮುಂಬಯಿ ಪ್ರಾಂತದ ಆಡಳಿತದಲ್ಲಿ ಊರಿನ ಪಟೇಲ ಮತ್ತು ಶ್ಯಾನುಭೋಗ, ತಾಲೂಕಿನ ಮಾಮಲೇದಾರ, ಕಾರವಾರದ ಕಲೆಕ್ಟರ್, ಮುಂಬಯಿಯ ಗವರ್ನರ್ ಎಂಬ ಏಣಿಯಿತ್ತು. ಉಪ್ಪಿನ ಕಾನೂನನ್ನೇ ರದ್ದುಮಾಡಿ ಎಂದು ಮಾಮಲೇದಾರರಿಗೆ ಬರೆಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಆದರೆ ಜಪ್ತು ಮಾಡಿದ ಮಡಕೆಗಳನ್ನು ಹಿಂದಿರುಗಿಸಿ, ಹೆಂಗಸರನ್ನು ಠಾಣೆಯಲ್ಲಿ ಸಂಜೆಯವರೆಗೆ ಕೂರಿಸಬೇಡಿ ಎಂಬ ಮಾತನ್ನು ಅವರ ಮುಂದಿಡಬಹುದು.

ಬರೆಯುವವರಾಗಿ ನಿಜವಾದ ಹೋರಾಟಗಾರರ ಹೆಸರನ್ನು ಬಳಸಬೇಡಿ. ಅವರು ಆಡದ ಮಾತನ್ನು ಅವರ ಸಹಿಯ ಮೇಲೆ ಬರೆಯುವುದು ಚರಿತ್ರೆಗೆ ಮಾಡುವ ಅನ್ಯಾಯ. ‘ಸಾಣಿಕಟ್ಟೆಯ ಉಪ್ಪಿನ ಆಗರದ ಕೂಲಿಯವನು’, ‘ಶಿರಸಿ ಸೀಮೆಯ ಅಡಿಕೆ ತೋಟದ ಹೆಣ್ಣುಮಗಳು’ ಎಂಬಂಥ ಪಾತ್ರ ಸಾಕು. ಹಾಳೆಯ ಹಿಂಬದಿಯಲ್ಲಿ ‘ಕಲ್ಪಿತ ಪತ್ರ’ ಎಂದೂ ವರ್ಷವನ್ನೂ ಕಡ್ಡಾಯವಾಗಿ ನಮೂದಿಸಿ. ಮುಂದೊಂದು ದಿನ ಅದು ಯಾರದೋ ಕೈಗೆ ಸಿಕ್ಕಿ ನಿಜವಾದ ದಾಖಲೆಯೆಂದು ಹರಡಬಾರದು.

## ಹಂತ 3: ದಿನಾಂಕದ ಗೆರೆ ಎಳೆಯುವುದು

ಪತ್ರಕ್ಕೆ ತಿಂಗಳಲ್ಲ, ದಿನಾಂಕವನ್ನೇ ಗೊತ್ತುಮಾಡಿ. ಒಂದು ಹಾಳೆಯ ನಡುವೆ ಉದ್ದಗೆರೆ ಎಳೆದು ಎಡಕ್ಕೆ ಆ ದಿನದ ಮೊದಲು ನಡೆದುದನ್ನೂ ಬಲಕ್ಕೆ ಆಮೇಲೆ ನಡೆದುದನ್ನೂ ಬರೆಯಿರಿ. ಬಲಭಾಗದ ಯಾವ ಸಂಗತಿಯೂ ಪತ್ರದೊಳಗೆ ನುಸುಳಬಾರದು.

ಉದಾಹರಣೆಗೆ ಪತ್ರದ ದಿನಾಂಕ 1930ರ ಏಪ್ರಿಲ್ 20 ಎಂದಿಟ್ಟುಕೊಳ್ಳೋಣ. ಮಾರ್ಚ್ 12ಕ್ಕೆ ದಂಡಿಯಾತ್ರೆ ಹೊರಟದ್ದು, ಏಪ್ರಿಲ್ 6ಕ್ಕೆ ಗಾಂಧೀಜಿಯವರು ಉಪ್ಪು ಎತ್ತಿದ್ದು, ಅಂಕೋಲೆಯ ಸತ್ಯಾಗ್ರಹ, ಇವು ಎಡಕ್ಕೆ. ಮೇ ತಿಂಗಳ ಆರಂಭದಲ್ಲಿ ಗಾಂಧೀಜಿಯವರ ಬಂಧನ, 1931ರ ಮಾರ್ಚ್‌ನ ಗಾಂಧಿ-ಇರ್ವಿನ್ ಒಪ್ಪಂದ, 1947ರ ಸ್ವಾತಂತ್ರ್ಯ, ಇವು ಬಲಕ್ಕೆ. ಆ ಒಪ್ಪಂದದಲ್ಲಿ ಕಡಲ ಬದಿಯ ಊರಿನವರು ಮನೆಬಳಕೆಗೆ ಉಪ್ಪು ಮಾಡಿಕೊಳ್ಳಲು ಅವಕಾಶ ಸಿಕ್ಕಿತು. ಏಪ್ರಿಲ್ 20ರಂದು ಬರೆಯುವವರು ಅದನ್ನು ಬೇಡಬಹುದೇ ಹೊರತು ಸಿಕ್ಕೇ ಸಿಗುತ್ತದೆಂದು ತಿಳಿದವರಂತೆ ಬರೆಯಲಾಗದು. ‘ನೀವು ಶೀಘ್ರದಲ್ಲೇ ದೇಶ ಬಿಟ್ಟು ಹೋಗುತ್ತೀರಿ’ ಎಂಬ ವಾಕ್ಯ ಬಂತೆಂದರೆ ಬಲಭಾಗ ಸೋರಿದೆ ಎಂದೇ ತಿಳಿಯಿರಿ. ಗೆಲುವು ಗೊತ್ತಿಲ್ಲದೆ ಬರೆದಾಗ ಮಾತ್ರ ಪತ್ರಕ್ಕೆ ಆತಂಕವೂ ಎಚ್ಚರವೂ ಬರುತ್ತವೆ.

ಸಣ್ಣ ವಸ್ತುಗಳಲ್ಲಿ ತಪ್ಪುಗಳು ಇನ್ನೂ ಹೆಚ್ಚು. 1930ರಲ್ಲಿ ಉಪ್ಪನ್ನು ಕಿಲೋಗಳಲ್ಲಿ ತೂಗುತ್ತಿರಲಿಲ್ಲ, ಸೇರು ಮತ್ತು ಮಣಗಳಲ್ಲಿ ಲೆಕ್ಕವಿತ್ತು. ರೂಪಾಯಿಗೆ ಹದಿನಾರಾಣೆ, ನೂರು ಪೈಸೆಯ ಲೆಕ್ಕ ಬಂದದ್ದು 1957ರಲ್ಲಿ. ವಿಳಾಸಕ್ಕೆ ಪಿನ್‌ಕೋಡ್ ಸೇರಿದ್ದು 1972ರಲ್ಲಿ. ‘ಕರ್ನಾಟಕ ಸರ್ಕಾರ’ ಎಂದು 1973ಕ್ಕಿಂತ ಹಿಂದಿನ ಪತ್ರದಲ್ಲಿ ಬರೆಯುವಂತಿಲ್ಲ. ಕರಾವಳಿಗೆ ಕೊಂಕಣ ರೈಲ್ವೆ ಬಂದದ್ದು 1990ರ ದಶಕದಲ್ಲಿ. ಅದಕ್ಕೂ ಹಿಂದೆ ಕಾರವಾರದಿಂದ ಮುಂಬಯಿಗೆ ಹೋಗುವವರಿಗೆ ಆಗಬೋಟಿನ (ಉಗಿಹಡಗಿನ) ದಾರಿಯಿತ್ತು, ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. ‘ನಿಮ್ಮ ಉತ್ತರ ನಾಳೆಯೇ ಬರಲಿ’ ಎಂದು ಮುಂಬಯಿಗೆ ಬರೆಯುವ ಮೊದಲು ಇದನ್ನು ನೆನೆಯಬೇಕು.

## ಹಂತ 4: ಓದುವವರ ಪರವಾಗಿ ಒಂದು ಪುಟ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಸಮಯ ಸಲ್ಲಬೇಕಾದ ಹಂತ ಇದು, ಮಕ್ಕಳು ಹಾರಿಸಿ ಹೋಗುವುದೂ ಇದನ್ನೇ. ಪತ್ರ ಬರೆಯುವ ಮೊದಲು, ಪತ್ರ ತಲುಪುವ ವ್ಯಕ್ತಿಯಾಗಿ ಒಂದು ಪುಟ ಬರೆಯಿರಿ. ‘ನಾನು ಇದಕ್ಕೆ ಏಕೆ ಒಪ್ಪಲಾರೆ’ ಎಂಬುದಷ್ಟೇ ವಿಷಯ. ಇಲ್ಲಿ ಕೊಂಕು ಕೂಡದು. ಅಧಿಕಾರಿಯನ್ನು ಕ್ರೂರಿಯೆಂದೋ ಮೂರ್ಖನೆಂದೋ ಚಿತ್ರಿಸಿದರೆ ಹಂತ ವ್ಯರ್ಥವಾಗುತ್ತದೆ.

1983ರ ಅರಣ್ಯಾಧಿಕಾರಿಯ ಪುಟ ಹೀಗಿರಬಹುದು: ಕಡಿತಕ್ಕೆ ಮೇಲಿನಿಂದ ಮಂಜೂರಾತಿ ಬಂದಿದೆ, ಮರಗಳಿಗೆ ಗುರುತು ಹಾಕಿದ್ದಾಗಿದೆ, ನಡುವೆ ನಿಲ್ಲಿಸಿದರೆ ಗುತ್ತಿಗೆದಾರರು ನಷ್ಟದ ಮಾತೆತ್ತುತ್ತಾರೆ, ಒಂದು ಊರಿಗೆ ಮಣಿದರೆ ಹತ್ತು ಊರಿನವರು ಬರುತ್ತಾರೆ, ಊರಿನವರೂ ತೋಟಕ್ಕೆ ಸೊಪ್ಪು ಕಡಿಯುತ್ತಾರಲ್ಲ, ಅವರಿಗೇನು ಹಕ್ಕು? ಕೊನೆಯ ಪ್ರಶ್ನೆ ಚುಚ್ಚುತ್ತದೆ. ಅದಕ್ಕೆ ಉತ್ತರವಿಲ್ಲದ ಪತ್ರ ಅಧಿಕಾರಿಯ ಮೇಜಿನ ಮೇಲೆ ಎರಡು ನಿಮಿಷವೂ ನಿಲ್ಲದು.

ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುವ ಬಗೆಯನ್ನು ಕಲಿಯಲು ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟಗಾರ ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್ 16ರ ದಿನಾಂಕದಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರವನ್ನು ಓದಬೇಕು. ಎಂಟು ಮಂದಿ ಧರ್ಮಗುರುಗಳು ಹೊರಡಿಸಿದ ಹೇಳಿಕೆಗೆ ಅದು ಉತ್ತರ. ಮಾತುಕತೆಯೇ ಒಳ್ಳೆಯದಲ್ಲವೇ, ಇಷ್ಟೇಕೆ ಅವಸರ, ಕಾನೂನನ್ನು ಮುರಿಯುವುದು ಸರಿಯೇ ಎಂಬ ಪ್ರಶ್ನೆಗಳನ್ನು ಅವರ ಬಾಯಿಂದಲೇ ಬಂದಂತೆ ಮುಂದಿಟ್ಟು ಉತ್ತರಿಸುತ್ತಾ ಹೋಗುತ್ತದೆ.

ಪುಟ ಮುಗಿದ ಮೇಲೆ ಆಕ್ಷೇಪಗಳಲ್ಲಿ ಬಲವಾದ ಎರಡಕ್ಕೆ ಬಣ್ಣದ ಪೆನ್ನಿನಿಂದ ಸುತ್ತು ಹಾಕಿ. ಉಳಿದವನ್ನು ಬಿಟ್ಟುಬಿಡಿ. ಎಲ್ಲದಕ್ಕೂ ಉತ್ತರಿಸಹೊರಟರೆ ಪತ್ರ ವಕೀಲರ ವಾದಪತ್ರವಾಗುತ್ತದೆ.

## ಹಂತ 5: ಕೋರಿಕೆಯ ವಾಕ್ಯವನ್ನು ಮೊದಲು ಬರೆಯುವುದು

ಪತ್ರದ ಉಳಿದ ಭಾಗ ಹುಟ್ಟುವ ಮೊದಲೇ ಕೋರಿಕೆಯನ್ನು ಒಂದು ವಾಕ್ಯದಲ್ಲಿ ಬರೆದು ಹಾಳೆಯ ಮೇಲ್ತುದಿಗೆ ಇಟ್ಟುಕೊಳ್ಳಿ. ಏನು ಮಾಡಬೇಕು, ಯಾವಾಗಿನೊಳಗೆ ಮಾಡಬೇಕು, ಮಾಡದಿದ್ದರೆ ಬರೆಯುವವರು ಏನು ಮಾಡುತ್ತಾರೆ ಎಂಬ ಮೂರೂ ಅದರಲ್ಲಿರಬೇಕು. ಇರ್ವಿನ್ನರಿಗೆ ಬರೆದ ಪತ್ರದಲ್ಲಿ ಈ ಮೂರೂ ಇವೆ: ಈ ಕೇಡುಗಳನ್ನು ನಿವಾರಿಸುವ ದಾರಿ ಕಾಣದಿದ್ದರೆ ಈ ತಿಂಗಳ 11ನೆಯ ತಾರೀಖಿನಂದು ಆಶ್ರಮದವರೊಡನೆ ಉಪ್ಪಿನ ಕಾನೂನನ್ನು ಮುರಿಯಲು ಹೊರಡುತ್ತೇನೆ ಎಂದು ಹೇಳಿ, ಇದು ಬೆದರಿಕೆಯಲ್ಲ ಎಂದೂ ಸೇರಿಸಿದ್ದಾರೆ.

‘ನ್ಯಾಯ ಒದಗಿಸಿ’, ‘ಸೂಕ್ತ ಕ್ರಮ ಕೈಗೊಳ್ಳಿ’, ‘ಪರಿಸರ ಉಳಿಸಿ’ ಎಂಬವು ಕೋರಿಕೆಗಳಲ್ಲ. ಅಧಿಕಾರಿ ಮರುದಿನ ಬೆಳಿಗ್ಗೆ ಕಚೇರಿಗೆ ಬಂದು ಯಾವ ಕಾಗದಕ್ಕೆ ಸಹಿ ಹಾಕಬೇಕು ಎಂಬುದು ತಿಳಿಯುವಂತಿದ್ದರೆ ಮಾತ್ರ ಅದು ಕೋರಿಕೆ.

## ಹಂತ 6: ಅಂಕಿಯನ್ನು ಮನೆಯ ಅಳತೆಗೆ ಇಳಿಸುವುದು

ಒಂದೇ ಒಂದು ಅಂಕಿ ಸಾಕು, ಆದರೆ ಅದು ಓದುವವರ ಕಣ್ಣಿಗೆ ಕಟ್ಟಬೇಕು. 1930ರಲ್ಲಿ ಉಪ್ಪಿನ ಮೇಲಿನ ಸುಂಕ ಮಣಕ್ಕೆ ಒಂದು ರೂಪಾಯಿ ನಾಲ್ಕಾಣೆ ಇತ್ತು. ಸರ್ಕಾರಿ ಮಣಕ್ಕೆ 40 ಸೇರು. ಇಪ್ಪತ್ತಾಣೆಯನ್ನು ನಲವತ್ತು ಸೇರಿಗೆ ಹಂಚಿದರೆ ಸೇರಿಗೆ ಅರ್ಧಾಣೆ ಬೀಳುತ್ತದೆ. ದಿನಕ್ಕೆ ಎರಡಾಣೆ ಗಳಿಸುವವನಿಗೆ ಒಂದು ಸೇರು ಉಪ್ಪಿನ ಮೇಲಿನ ಸುಂಕವೇ ಕಾಲು ದಿನದ ದುಡಿಮೆ. ‘ಮಣಕ್ಕೆ ಒಂದೂಕಾಲು ರೂಪಾಯಿ’ ಎಂದರೆ ಕಲೆಕ್ಟರರಿಗೆ ಏನೂ ಅನಿಸದಿರಬಹುದು; ಕಾಲು ದಿನದ ದುಡಿಮೆ ಎಂದರೆ ನಿಲ್ಲುತ್ತಾರೆ. ಈ ಲೆಕ್ಕವನ್ನು ಮಕ್ಕಳೇ ಮಾಡಲಿ, ಶಿಕ್ಷಕರು ಮಾಡಿಕೊಡಬಾರದು.

ಖಚಿತವಾದ ಅಂಕಿ ಸಿಗದಿದ್ದರೆ ಕಲ್ಪಿಸಬೇಡಿ. ಅಂಕಿಯ ಬದಲು ಕಣ್ಣಾರೆ ಕಾಣುವ ಒಂದು ಸಂಗತಿಯನ್ನು ಬರೆಯಿರಿ.

## ಹಂತ 7: ಕರಡು ಬರೆಯುವುದು

ಈಗ ಪತ್ರದ ಒಡಲನ್ನು ಬರೆಯಬಹುದು. ಓದುವವರು ಒಪ್ಪುವ ಒಂದು ಮಾತಿನಿಂದ ಆರಂಭಿಸಿ, ಅವರ ಬಲವಾದ ಆಕ್ಷೇಪವನ್ನು ಪ್ರಾಮಾಣಿಕವಾಗಿ ಎತ್ತಿ, ಉತ್ತರವನ್ನೂ ಅಂಕಿಯನ್ನೂ ಕೊಟ್ಟು, ಕೋರಿಕೆಗೆ ಬನ್ನಿ. ಒಂದೂವರೆ ಪುಟ ದಾಟಬೇಡಿ.

ಅಪ್ಪಿಕೋ ಸಂದರ್ಭದ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಧಾಟಿ ಇದು:

‘ಮರಗಳು ನಮ್ಮ ಜೀವನಾಡಿ. ಮರಗಳಿಲ್ಲದೆ ಮನುಷ್ಯ ಬದುಕಲಾರ. ಕಾಡಿದ್ದರೆ ನಾಡು. ಆದ್ದರಿಂದ ದಯವಿಟ್ಟು ನಮ್ಮ ಕಾಡನ್ನು ಉಳಿಸಿಕೊಡಿ.’

ಇಲ್ಲಿ ಸುಳ್ಳೇನೂ ಇಲ್ಲ. ಆದರೆ ಅರಣ್ಯಾಧಿಕಾರಿಗೆ ಗೊತ್ತಿಲ್ಲದ ಒಂದು ಮಾತೂ ಇಲ್ಲ. ನಾಲ್ಕನೆಯ ಹಂತದ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನೇ ತಿದ್ದಿದಾಗ ಹೀಗಾಗಬಹುದು:

‘ಗುರುತು ಹಾಕಿದ ಮರಗಳನ್ನಷ್ಟೇ ಕಡಿಯಲಾಗುವುದು, ಉಳಿದ ಕಾಡಿಗೆ ಧಕ್ಕೆಯಿಲ್ಲ ಎಂದು ತಮ್ಮ ಕಚೇರಿಯವರು ತಿಳಿಸಿದ್ದಾರೆ. ಆ ಮಾತನ್ನು ನಾವು ಸುಳ್ಳೆನ್ನುವುದಿಲ್ಲ. ಆದರೆ ಗುರುತಿನ ಒಂದು ದೊಡ್ಡ ಮರ ಇಳಿಜಾರಿನಲ್ಲಿ ಉರುಳುವಾಗ ಅದರ ಕೆಳಗಿನ ಎಳೆಯ ಮರಗಳೂ ಬಳ್ಳಿಗಳೂ ಒಟ್ಟಿಗೇ ನೆಲ ಕಚ್ಚುತ್ತವೆ. ಅವು ಯಾವ ಲೆಕ್ಕಪುಸ್ತಕಕ್ಕೂ ಏರುವುದಿಲ್ಲ. ನಾವೂ ತೋಟಕ್ಕೆ ಸೊಪ್ಪು ತರುವವರೇ ಹೌದು. ಸೊಪ್ಪು ಕೊಯ್ದ ಕೊಂಬೆ ಮತ್ತೆ ಚಿಗುರುತ್ತದೆ, ಬುಡ ಕಡಿದ ಮರ ಚಿಗುರುವುದನ್ನು ನಾವು ಕಂಡಿಲ್ಲ. ಮುಂದಿನ ಕೂಪಿಗೆ (ಕಡಿತಕ್ಕೆ ಗೊತ್ತುಮಾಡಿದ ಕಾಡಿನ ಭಾಗಕ್ಕೆ) ಗುರುತು ಹಾಕುವ ಮೊದಲು ತಾವು ಒಂದು ದಿನ ನಮ್ಮೊಡನೆ ಆ ಇಳಿಜಾರಿನಲ್ಲಿ ನಡೆದು ನೋಡಬೇಕು, ಅಲ್ಲಿಯವರೆಗೆ ಕಡಿತವನ್ನು ನಿಲ್ಲಿಸಿರಬೇಕು ಎಂಬುದು ನಮ್ಮ ಬಿನ್ನಹ. ಅದಕ್ಕೂ ಮೊದಲು ಕೊಡಲಿ ಬಂದರೆ ನಾವು ಮರಗಳ ಬಳಿಯಲ್ಲೇ ಇರುತ್ತೇವೆ.’

ಇದು ಅಭ್ಯಾಸಕ್ಕಾಗಿ ರಚಿಸಿದ ಮಾದರಿ, ಆ ಕಾಲದ ದಾಖಲೆಯಲ್ಲ. ಅಧಿಕಾರಿಯ ಮಾತು ಮೊದಲು ಬಂದಿದೆ, ಸೊಪ್ಪಿನ ಆಕ್ಷೇಪಕ್ಕೆ ಉತ್ತರ ಸಿಕ್ಕಿದೆ, ಕೋರಿಕೆ ಒಂದು ದಿನದ ನಡಿಗೆಯಷ್ಟು ಚಿಕ್ಕದಾಗಿದೆ. ಬೆದರಿಕೆಯ ಸ್ವರವಿಲ್ಲದೆ ಮುಂದಿನ ಹೆಜ್ಜೆಯೂ ತಿಳಿದಿದೆ.

## ಹಂತ 8: ಒಕ್ಕಣೆ ಮತ್ತು ಸಹಿ

ಒಡಲು ಸಿದ್ಧವಾದ ಮೇಲೆ ಒಕ್ಕಣೆ ಕಷ್ಟವಲ್ಲ. ಕಲೆಕ್ಟರರಿಗೆ, ಮಾಮಲೇದಾರರಿಗೆ ಬರೆಯುವಾಗ ‘ಸನ್ನಿಧಾನಕ್ಕೆ’, ‘ವಿಜ್ಞಾಪನೆ’ ಎಂಬ ಧಾಟಿ ಹೊಂದುತ್ತದೆ. ಊರಿನ ಹಿರಿಯರಿಗಾದರೆ ‘ತೀರ್ಥರೂಪ ಸಮಾನರಾದ’ ಎಂದು ಆರಂಭಿಸಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ವಿಷಯಕ್ಕೆ ಬರಬಹುದು, ಕಿರಿಯರಿಗಾದರೆ ‘ಚಿರಂಜೀವಿ’. ಹರಾಜಿನಲ್ಲಿ ಜಮೀನು ಕೊಂಡವರು ಬರೆಯುವವಳಿಗೆ ಭಾವನೋ ಮಾವನೋ ಆಗಬೇಕಾದವರಾಗಿದ್ದರೆ ಆ ಸಂಬಂಧವನ್ನು ಹೆಸರಿಸಿಯೇ ಕರೆಯಲಿ. ಹಾಗೆ ಕರೆಸಿಕೊಂಡವರಿಗೆ ಇಲ್ಲವೆನ್ನುವುದು ಕಷ್ಟ. ಮೊದಲಿನಲ್ಲಿ ‘ತಾವು’ ಎಂದು ಕರೆದು ಮೂರನೆಯ ಪರಿಚ್ಛೇದದಲ್ಲಿ ‘ನೀನು’ ಎಂದು ಇಳಿಯುವುದು, ಕೋಪ ಬಂದಾಗ ಮಕ್ಕಳು ಮಾಡುವ ತಪ್ಪು. ಬಣ್ಣದ ಪೆನ್ನಿನಿಂದ ಸಂಬೋಧನೆಗಳನ್ನೆಲ್ಲ ಗುರುತಿಸಿ ಸರಿಪಡಿಸಿ.

## ಹಂತ 9: ಗಟ್ಟಿಯಾಗಿ ಓದಿಸುವುದು, ಕತ್ತರಿಸುವುದು

ಪತ್ರವನ್ನು ಬರೆದವರು ಓದಬಾರದು. ಸಹಪಾಠಿಯೊಬ್ಬರು ಓದುವವರ ಪಾತ್ರ ವಹಿಸಿ, ಎದ್ದು ನಿಂತು ಗಟ್ಟಿಯಾಗಿ ಓದಲಿ. ಬರೆದವರು ಪೆನ್ಸಿಲ್ ಹಿಡಿದು ಕೇಳಲಿ. ಈ ಲಕ್ಷಣಗಳು ಕಂಡರೆ ಪತ್ರ ದಾರಿ ತಪ್ಪಿದೆ:

- ಓದುವವರ ಹೆಸರನ್ನು ಬದಲಿಸಿದರೂ ಪತ್ರದ ಒಂದು ಪದವನ್ನೂ ಬದಲಿಸಬೇಕಾಗಿಲ್ಲ.
- ಓದುವವರಿಗೆ ಮೊದಲೇ ಗೊತ್ತಿರುವ ಚರಿತ್ರೆಯನ್ನು ಅವರಿಗೇ ವಿವರಿಸಲಾಗಿದೆ. ಉಪ್ಪಿನ ಕಾನೂನು ಎಂದರೇನು ಎಂದು ಕಲೆಕ್ಟರರಿಗೆ ಹೇಳಿಕೊಡಬೇಕಾಗಿಲ್ಲ.
- ಉದ್ಗಾರ ಚಿಹ್ನೆಗಳು ಒಂದಕ್ಕಿಂತ ಹೆಚ್ಚಿವೆ.
- ಕೋರಿಕೆಯ ನಂತರವೂ ಎರಡು ಪರಿಚ್ಛೇದ ಮುಂದುವರಿದಿದೆ.
- ಓದುತ್ತಿರುವ ಸಹಪಾಠಿಗೆ ಒಂದು ಜಾಗದಲ್ಲಿಯೂ ‘ಇದು ನಿಜ’ ಎನಿಸಿಲ್ಲ.

ಕೊನೆಯದು ಕಂಡರೆ ತಿದ್ದುಪಡಿಯಿಂದ ಸರಿಯಾಗದು, ನಾಲ್ಕನೆಯ ಹಂತಕ್ಕೆ ಮರಳಬೇಕು. ಉಳಿದವನ್ನು ಕತ್ತರಿಸಿಯೇ ಸರಿಪಡಿಸಬಹುದು.

## ಹಂತ 10: ಉತ್ತರ ಬರೆಸುವುದು

ಪತ್ರಗಳನ್ನು ಲಕೋಟೆಯಲ್ಲಿಟ್ಟು ಅದಲುಬದಲು ಮಾಡಿ. ಪತ್ರ ಪಡೆದ ವಿದ್ಯಾರ್ಥಿ, ಆ ಅಧಿಕಾರಿಯೋ ನೆರೆಯವರೋ ಆಗಿ, ಹತ್ತು ಸಾಲು ಮೀರದ ಉತ್ತರ ಬರೆಯಬೇಕು. ಒಪ್ಪಲೇಬೇಕೆಂಬ ನಿಯಮವಿಲ್ಲ. ಇರ್ವಿನ್ನರ ಕಡೆಯಿಂದ ಗಾಂಧೀಜಿಯವರಿಗೆ ಬಂದ ಉತ್ತರ ಕಾರ್ಯದರ್ಶಿಯ ಕೈಯ ಕೆಲವೇ ಸಾಲುಗಳದು, ಅದರಲ್ಲಿ ವಿಷಾದವಿತ್ತೇ ಹೊರತು ಒಪ್ಪಿಗೆಯಿರಲಿಲ್ಲ. ಆದರೂ ಆ ಪತ್ರ ಕೆಲಸ ಮಾಡಿತು. ಸರ್ಕಾರಕ್ಕೆ ಮೊದಲೇ ತಿಳಿಸಿ, ದಾರಿ ಕೇಳಿ, ಸಿಗದಿದ್ದಾಗ ಹೊರಟವರು ಎಂಬುದು ದೇಶಕ್ಕೆಲ್ಲ ಗೊತ್ತಾಯಿತು. ಆದ್ದರಿಂದ ಅಂಕ ಕೊಡುವಾಗ ‘ಒಪ್ಪಿಗೆ ಸಿಕ್ಕಿತೇ’ ಎಂದು ನೋಡಬೇಡಿ. ಉತ್ತರ ಬರೆದವರು ಪತ್ರದ ಯಾವ ವಾಕ್ಯಕ್ಕೆ ಉತ್ತರ ಕೊಡಲಾಗದೆ ಬಿಟ್ಟರು ಎಂಬುದನ್ನು ಹುಡುಕಿ, ಆ ವಾಕ್ಯದ ಕೆಳಗೆ ಗೆರೆ ಎಳೆದು ಹಿಂದಿರುಗಿಸಿ. ಅಂಥ ವಾಕ್ಯ ಒಂದೂ ಇಲ್ಲದ ವಿದ್ಯಾರ್ಥಿಗೆ, ಬಂದ ಉತ್ತರವನ್ನೇ ಹೊಸ ಆಕ್ಷೇಪವಾಗಿ ಇಟ್ಟುಕೊಂಡು, ಅದೇ ವ್ಯಕ್ತಿಗೆ ಎರಡನೆಯ ಪತ್ರ ಬರೆಯಲು ಒಂದು ವಾರ ಕೊಡಿ.